ಚಿಗವ್ವನ ಮೂಗಿನ ಹದ್ದುಬಸ್ತು

ಒಬ್ಬ ಗಂಡಸು ತನ್ನ ಹೆಂಡತಿಯ ಮೂಗನ್ನು ಜೀವಮಾನದಲ್ಲಿ ಎಷ್ಟು ಸಲ ಅಳೆಯಬಹುದು? ನೀವು ಒಂದು ಸಲವೂ ಅಳೆದಿರಲಿಕ್ಕಿಲ್ಲ. ಅಳೆಯದಿದ್ದರೂ ನಿಮ್ಮ ಸಂಸಾರ ಸುಖವಾಗಿಯೇ ಸಾಗಿರುತ್ತದೆ. ನಮ್ಮ ಕಾಕಾ ಹನ್ನೊಂದು ಸಲ ಅಳೆದಿದ್ದಾರೆ! ಅದೂ ಕಣ್ಣಂದಾಜಿನಲ್ಲಲ್ಲ, ಸ್ಕೇಲು, ಕೈವಾರ, ಗ್ರಾಫ್ ಹಾಳೆ, ಚೂಪು ಮಾಡಿದ ಪೆನ್ಸಿಲ್ಲು, ಇಷ್ಟೂ ಸಾಲದೆ ಸಾಕ್ಷಿಗೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಗಂಡನನ್ನು ಕಂಡು ಮೂಗು ಮುರಿಯುವ ಹೆಂಡಂದಿರನ್ನು ಬೈಲಹೊಂಗಲದ ನಮ್ಮ ಓಣಿ ಬೇಕಾದಷ್ಟು ನೋಡಿದೆ. ಹೆಂಡತಿಯ ಮೂಗು ಅಳೆಯುವ ಗಂಡನನ್ನು ನೋಡಿರಲಿಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅವರ ಹೆಂಡತಿ ನನಗೆ ಚಿಗವ್ವ. ಅವರ ಮನೆ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ. ನಾನು ಕಿತ್ತೂರಿನ ಹೈಸ್ಕೂಲಿನಲ್ಲಿ ಪಾಠ ಹೇಳಿ, ಸಂಜೆ ಬಸ್ಸಿಳಿದು ಮನೆ ಸೇರಬೇಕಾದರೆ ಅವರ ಕಟ್ಟೆಯನ್ನು ದಾಟಿಯೇ ಹೋಗಬೇಕು. ಈ ಭೌಗೋಳಿಕ ದುರದೃಷ್ಟದಿಂದಾಗಿ ಕಾಕಾನ ಎಲ್ಲ ಸಾಹಸಗಳಿಗೂ ನಾನೇ ಸಹಾಯಕ.

ಕಾಕಾ ಸರಕಾರಿ ಸರ್ವೇಯರ್ ಆಗಿದ್ದವರು. ಹೊಲ ಅಳೆದು, ಇಲ್ಲಿಯವರೆಗೆ ನಿನ್ನದು, ಇಲ್ಲಿಂದಾಚೆ ಅವನದು ಎಂದು ಗಡಿ ಗುರುತಿಸಿ ಕಲ್ಲು ನೆಡಿಸುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಅವರು ವರ್ಷಾನುಗಟ್ಟಲೆ ಮಾಡಿದ್ದು ಇದೊಂದೇ ಕೆಲಸ. ಹಿಡಿದ ಅಳತೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದವರಲ್ಲ. ಕಟಕೋಳದಲ್ಲಿ ಒಮ್ಮೆ ಅಣ್ಣತಮ್ಮಂದಿರಿಬ್ಬರು ಹೊಲದ ಗಡಿಗಾಗಿ ಜಗಳ ಬಿದ್ದಿದ್ದರು. ಕಾಕಾ ಹಗಲು ನೆಡಿಸಿದ ಕಲ್ಲು ಬೆಳಗಾಗುವುದರೊಳಗೆ ನಾಲ್ಕು ಹೆಜ್ಜೆ ನಡೆದು ಹೋಗಿರುತ್ತಿತ್ತು. ಮೂರನೆಯ ಸಲ ಕಲ್ಲು ನೆಡಿಸಿದ ಕಾಕಾ ಅದರ ಮೇಲೆ ತಾವೇ ಕುಳಿತುಬಿಟ್ಟರು.

"ಕಲ್ಲ ಸರಸಾವ್ರು ಮೊದಲ ನನ್ನ ಸರಸ್ರಿ," ಎಂದರಂತೆ.

ಎರಡು ದಿನ ಕುಳಿತರು! ಸಾಹೇಬರು ಉಪವಾಸ ಬಿದ್ದರೆ ಮನೆತನಕ್ಕೆ ಕೆಟ್ಟ ಹೆಸರು ಎಂದು ಅಣ್ಣ ರೊಟ್ಟಿ ತಂದ. ತಾನೇನು ಕಡಿಮೆ ಎಂದು ತಮ್ಮ ಪಲ್ಯೆ ತಂದ. ಎರಡೂ ಸೇರಿದರೆ ತಾನೆ ಊಟ? ಕೊನೆಗೆ ಮೂವರೂ ಕಲ್ಲಿನ ಸುತ್ತ ಕುಳಿತು ಉಂಡರು. ಆ ಕಲ್ಲು ಇವತ್ತಿಗೂ ಇಟ್ಟಲ್ಲೇ ಇದೆ ಎಂದು ಕಾಕಾ ಈಗಲೂ ಹೇಳಿಕೊಳ್ಳುತ್ತಾರೆ.

ಇಂಥ ಮನುಷ್ಯ ನಿವೃತ್ತನಾಗಿ ಮನೆಯಲ್ಲಿ ಕುಳಿತರೆ ಏನಾಗುತ್ತದೆ? ಮನೆ ಅಳತೆಗೆ ಬೀಳುತ್ತದೆ! ದೇವರ ಜಗಲಿ ಎರಡು ಬೆರಳು ವಾರೆಯಾಗಿದೆ. ಹಿತ್ತಲ ಬಾಗಿಲು ಗೋಡೆಗೆ ನೆಟ್ಟಗಿಲ್ಲ. ಚಿಗವ್ವನ ರಂಗೋಲಿ ಪೂರ್ವಕ್ಕೆ ಜಾರಿದೆ. ಇದನ್ನೆಲ್ಲ ಚಿಗವ್ವ ಸಹಿಸಿದಳು. ಆದರೆ ಒಂದು ದಿನ ಹಂಚಿನಿಂದ ಇಳಿದ ಬಿಸಿರೊಟ್ಟಿಯ ಮೇಲೆ ಕಾಕಾ ಸ್ಕೇಲು ಇಟ್ಟು, "ಇದು ದುಂಡಗಿಲ್ಲ," ಅಂದರು. ಚಿಗವ್ವ ರೊಟ್ಟಿಯ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡು ಶಾಂತವಾಗಿ ಹೇಳಿದಳು: "ಹೌದ್ರಿ? ಹಂಗಾರ ಇವತ್ತ ಸ್ಕೇಲ ತಿನ್ರಿ."

ಚಿಗವ್ವನ ಬಾಯಿಗೆ ಇಡೀ ಓಣಿ ಹೆದರುತ್ತದೆ. ಆದರೆ ಕೆಲವು ಕಾಲದಿಂದ ಆ ಬಾಯಿ ನಡುನಡುವೆ ಬಂದಾಗತೊಡಗಿತ್ತು. ಕೂತಲ್ಲಿ ನಿದ್ದೆ, ನಿಂತಲ್ಲಿ ತೂಕಡಿಕೆ. ಒಮ್ಮೆ ಕಾಯಿಪಲ್ಯೆಯವಳ ಬದನೆಕಾಯಿ ಹುಳುಕೆಂದು ಜಗಳ ತೆಗೆದವಳು, ಅರ್ಧ ಜಗಳದಲ್ಲೇ ಕಂಬಕ್ಕೊರಗಿ ನಿದ್ದೆ ಹೋದಳು. ತಾನು ಗೆದ್ದೆನೋ ಸೋತೆನೋ ತಿಳಿಯದೆ ಕಾಯಿಪಲ್ಯೆಯವಳು ಬುಟ್ಟಿಯ ಪಕ್ಕ ಕಾದು ಕುಳಿತಿದ್ದಳು! ರಾತ್ರಿ ಮಾತ್ರ ಚಿಗವ್ವನ ಗೊರಕೆ ನಾಲ್ಕು ಬಾಗಿಲಾಚೆ ನಮಗೂ ಕೇಳುತ್ತಿತ್ತು. ಒಮ್ಮೆಲೇ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾವಿಯಿಂದ ಕೊಡ ಮೇಲೆ ಬಂದಂತೆ ದೊಡ್ಡ ಸದ್ದಿನೊಂದಿಗೆ ಮತ್ತೆ ಶುರು. ನಾವು ನಗುತ್ತಿದ್ದೆವು. ಬೆಳಗಾವಿಯ ಡಾಕ್ಟರು ನಗಲಿಲ್ಲ.

"ಅಮ್ಮಾರ, ನಿದ್ದಿಯೊಳಗ ನಿಮ್ಮ ಉಸರ ನಿಂತ ನಿಂತ ಬರಾಕತ್ತೈತಿ. ಇದಕ್ಕ ಸ್ಲೀಪ್ ಆಪ್ನಿಯಾ ಅಂತಾರ. ಹಿಂಗ ಬಿಟ್ರ ಹೃದಯಕ್ಕ ತ್ರಾಸ ಆಕ್ಕೈತಿ. ದಿನಾ ಮಷಿನ್ ಹಚ್ಚಿ, ಮಾಸ್ಕ ಹಾಕ್ಕೊಂಡ ಮಕ್ಕೋಬೇಕು. ಬ್ಯಾರೆ ದಾರಿ ಇಲ್ಲ," ಅಂದರು.

ಹೀಗೆ ಒಂದು ಯಂತ್ರ ಮನೆಗೆ ಬಂತು. ಡಬ್ಬಿಯಷ್ಟು ಮೈ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಮೂಗು ಮುಚ್ಚುವ ರಬ್ಬರಿನ ಮಾಸ್ಕು. ಗಾಳಿಯನ್ನು ಒತ್ತಿ ಮೂಗಿನೊಳಗೆ ಕಳಿಸುತ್ತದೆ, ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಅದರ ಪರದೆ ನೋಡಿದರೆ, ಮಾಸ್ಕು ಸರಿಯಾಗಿ ಕೂತಿದ್ದರೆ ನಗುವ ಮುಖ, ಗಾಳಿ ಸೋರಿದ್ದರೆ ಅಳುವ ಮುಖ. ಚಿಗವ್ವ ಅದನ್ನು ಮೊದಲ ಸಲ ಮೂಗಿಗೇರಿಸಿ ಕನ್ನಡಿ ನೋಡಿಕೊಂಡಳು.

"ಅಯ್ಯ ನಮ್ಮವ್ವಾ! ಈ ವಯಸ್ಸಿನ್ಯಾಗ ನನಗ ಸೊಂಡಿಲ ಬಂತಲ್ಲೋ ತಮ್ಮಾ!"

ಸೊಂಡಿಲನ್ನಾದರೂ ಸಹಿಸುತ್ತಿದ್ದಳು. ರಬ್ಬರನ್ನು ಸಹಿಸಲಿಲ್ಲ. ನಮ್ಮ ಊರಿನ ಸೆಕೆಯಲ್ಲಿ ರಬ್ಬರಿನ ಕೆಳಗೆ ಬೆವರಿ, ಚರ್ಮ ಕೆಂಪಾಗಿ, ಕೆರೆದು ಗುಳ್ಳೆ ಎದ್ದಿತು. ಮುಂಜಾನೆ ಎದ್ದರೆ ಮೂಗಿನ ಎರಡೂ ಬದಿಗೆ ಆಳವಾದ ಗೆರೆ. ನಾಲ್ಕನೆಯ ದಿನ ಓಣಿಯ ಹೆಂಗಸೊಬ್ಬಳು ಗುಟ್ಟಾಗಿ ಕೇಳಿದಳಂತೆ: "ಅಕ್ಕಾರ, ಯಜಮಾನ್ರು ಕೈ ಮಾಡ್ತಾರೇನ್ರಿ?" ಜೀವನದಲ್ಲಿ ಹೆಂಡತಿಗೆ ಎದುರು ಮಾತಾಡಲೂ ಹೆದರಿದ ಕಾಕಾನ ಮೇಲೆ ಇಂಥ ಆಪಾದನೆ! ಎಲ್ಲಕ್ಕಿಂತ ದೊಡ್ಡ ತೊಡಕು ಮೂಗುಬೊಟ್ಟಿನದು. ರಬ್ಬರಿನ ಅಂಚು ಸರಿಯಾಗಿ ಅದರ ಮೇಲೆಯೇ ಬಂದು ಕೂರುತ್ತಿತ್ತು. ಒಳಗೆ ಒತ್ತಿದರೆ ನೋವು, ಸಡಿಲ ಬಿಟ್ಟರೆ ಗಾಳಿ ಸೋರಿ ಸುಂಯ್ ಎನ್ನುವ ಸದ್ದು.

"ಮೂಗಬೊಟ್ಟ ತಗದ ಮಕ್ಕೋ ಚಿಗವ್ವಾ," ಅಂದೆ.

"ಮುತ್ತೈದಿ ಮೂಗ ಬರಿದ ಮಾಡ್ಕೊಂಡ ಮಕ್ಕೋಬೇಕೇನಪಾ? ಅದಕ್ಕಿಂತ ಉಸರ ನಿಂತದ್ದ ಚಲೋ!"

ಮಾತು ಅಲ್ಲಿಗೆ ಮುಗಿಯಿತು. ಯಂತ್ರ ಮರಳಿ ಪೆಟ್ಟಿಗೆ ಸೇರಿತು, ಗೊರಕೆ ಮರಳಿ ಓಣಿ ಸೇರಿತು. ಕಾಕಾ ಎರಡು ದಿನ ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತರು. ಮೂರನೆಯ ಸಂಜೆ ನಾನು ಬಸ್ಸಿಳಿದು ಬರುತ್ತಿದ್ದಂತೆ ಕೈ ಮಾಡಿ ಕರೆದರು. ಅವರ ಮುಖದಲ್ಲಿ ಕಟಕೋಳದ ಕಳೆ ಇತ್ತು!

"ತಮ್ಮಾ, ತಿಳೀತು. ಇದು ರೋಗ ಅಲ್ಲಲೇ, ಹದ್ದಿನ ತಂಟೆ! ಈ ಕಡೆ ಮೂಗು, ಆ ಕಡೆ ರಬ್ಬರು. ಇಬ್ಬರೂ ಒಬ್ಬರ ಹೊಲದಾಗ ಒಬ್ಬರು ಕಾಲಿಡಾಕತ್ತಾರ. ನಡುವ ಒಂದ ಬದು ಹಾಕಿದ್ರ ಮುಗದ ಹೋತು. ಬಟ್ಟೀ ಬದು!"

ಅಂದರೆ ಮಾಸ್ಕಿನ ರಬ್ಬರಿಗೂ ಚರ್ಮಕ್ಕೂ ನಡುವೆ ಒಂದು ತೆಳುವಾದ ಬಟ್ಟೆಯ ಬಳೆ. ಬೆವರು ಹೀರಬೇಕು, ಗೆರೆ ಮೂಡಬಾರದು, ಗಾಳಿ ಸೋರಬಾರದು, ತೊಳೆದು ಮತ್ತೆ ಮತ್ತೆ ಹಾಕಿಕೊಳ್ಳುವಂತಿರಬೇಕು. ಇಂಥದ್ದು ಪೇಟೆಯಲ್ಲಿ ಸಿಗುತ್ತದೆಂದು ನಾನು ಮೊಬೈಲಿನಲ್ಲಿ ಹುಡುಕಿ ತರಿಸಿಯೂ ಕೊಟ್ಟೆ. ಅದು ಯಾವ ದೇಶದ ಮೂಗಿಗೆ ಹೊಲಿದದ್ದೋ, ಚಿಗವ್ವನ ಮುಖದ ಮೇಲೆ ಇಟ್ಟರೆ ಒಂದು ಬದಿ ಕಿವಿಗೆ ತಾಗಿತು. ಒಂದು ಸಲ ತೊಳೆದ ಮೇಲೆ ನಮ್ಮ ಬೆಕ್ಕಿನ ಮರಿಗೂ ಸಾಲದಷ್ಟಾಯಿತು. "ಬ್ಯಾರೆ ಊರಿನ ನಕಾಶಿ ಹಿಡಕೊಂಡ ನಮ್ಮ ಹೊಲಾ ಅಳ್ಯಾಕ ಬರೂದಿಲ್ಲ," ಎಂದು ಕಾಕಾ ತೀರ್ಪು ಕೊಟ್ಟರು.

ಮನೆಯಲ್ಲಿ ಚಿಗವ್ವನ ಹೊಲಿಗೆ ಯಂತ್ರವಿತ್ತು. ಅರ್ಧ ಓಣಿಯ ಕುಪ್ಪಸಗಳನ್ನು ಹೊಲಿದ ಕೈ ಅವಳದು. ಅವಳೇ ಕೂತರೆ ಅರ್ಧ ಗಂಟೆಯ ಕೆಲಸ. ಆದರೆ ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯಲು ಅವಳೇನು ದಡ್ಡಿಯೇ?

"ನೀವ ಹೊಲೀರಿ. ಒಂದ ಗೆರಿ ಮೂಡಬಾರದು, ಮೂಗಬೊಟ್ಟ ತಗೀಬಾರದು. ಅಂಥಾದ್ದ ಹೊಲದ ತೋರಿಸಿದ ದಿನ ಹಾಕ್ಕೋತೇನಿ. ನಾ ಮಾತ್ರ ಸೂಜಿ ಮುಟ್ಟೂದಿಲ್ಲ!"

ಗುಂಡಿ ಹಚ್ಚಲೂ ಬಾರದ ಮನುಷ್ಯನಿಗೆ ಈ ಸವಾಲು. "ಆತು," ಅಂದರು ಕಾಕಾ.

ಮೊದಲು ಮೋಜಣಿ, ಅಂದರೆ ಅಳತೆ. ಒಂದು ರವಿವಾರ ಮಧ್ಯಾಹ್ನ ಚಿಗವ್ವ ಗೋಡೆಗೊರಗಿ ನಿದ್ದೆ ಹೋದಾಗ ನಾವಿಬ್ಬರೂ ಕಳ್ಳರಂತೆ ಹತ್ತಿರ ಸರಿದೆವು. ಕಾಕಾ ಕೈವಾರದ ಒಂದು ಕಾಲನ್ನು ಹುಬ್ಬುಗಳ ನಡುವೆಯೂ ಇನ್ನೊಂದನ್ನು ತುಟಿಯ ಮೇಲೂ ಹಿಡಿದು ಅಂಕಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಮೂಗುಬೊಟ್ಟಿನ ಜಾಗಕ್ಕೆ ಬಂದಾಗ ಚಿಗವ್ವ ಕಣ್ಣು ಬಿಟ್ಟಳು.

"ಏನ್ರೀ ಇದು?"

"ಮೋಜಣಿ."

"ನಾ ಏನ ನಿಮಗ ಹೊಲಾ ಕಂಡೇನೇನ್ರಿ?"

"ಹೊಲಾ ಆದ್ರ ಸುಮ್ಮನ ಬಿದ್ದಿರತೈತಿ. ಹಿಂಗ ನಡುವ ಎದ್ದ ಕೇಳೂದಿಲ್ಲ," ಅಂದರು ಕಾಕಾ, ಅಂಕಿ ಮರೆತುಹೋದ ಬೇಸರದಲ್ಲಿ.

ಕೂತಾಗಿನ ಕೆನ್ನೆ ಬೇರೆ, ಮಲಗಿದಾಗಿನ ಕೆನ್ನೆ ಬೇರೆ. ಬೆಳಗಿನ ಮುಖ ಬೇರೆ, ಸಂಜೆಯ ಮುಖ ಬೇರೆ! ಹೀಗಾಗಿಯೇ ಅಳತೆ ಹನ್ನೊಂದಕ್ಕೆ ಏರಿದ್ದು. ಗ್ರಾಫ್ ಹಾಳೆಯ ಮೇಲೆ ಚಿಗವ್ವನ ಮೂಗಿನ ನಕಾಶೆ ತಯಾರಾಯಿತು. ಉತ್ತರಕ್ಕೆ ಹುಬ್ಬು, ದಕ್ಷಿಣಕ್ಕೆ ತುಟಿ. ಎಡದಲ್ಲಿ ಮೂಗುಬೊಟ್ಟಿಗೆ ಗಡಿಕಲ್ಲಿನ ಗುರುತು ಹಾಕಿದ್ದರು. "ನೆಟ್ಟ ಕಲ್ಲ ಕೀಳೂದು ಅಪರಾಧ ಐತಿ. ನಿಮ್ಮ ಚಿಗವ್ವ ಹೇಳಿದ್ದ ಕಾಯ್ದೆಪ್ರಕಾರ ಖರೆ," ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಮಾತು ಕಾಯ್ದೆಪ್ರಕಾರ ಸರಿ ಎಂದು ಅವರು ಒಪ್ಪಿದ್ದು ಅದೇ ಮೊದಲು.

ಹೊಲಿಗೆಯ ವಿಷಯ ಕೇಳಬೇಡಿ. ಕಾಕಾ ಯಂತ್ರ ತುಳಿದರೆ ಗಾಲಿ ಹಿಂದಕ್ಕೆ ತಿರುಗಿ ದಾರ ತುಂಡಾಗುತ್ತಿತ್ತು. ಒಂದು ದಿನ ಅಂಗಿಯ ತೋಳನ್ನೇ ಬಟ್ಟೆಗೆ ಸೇರಿಸಿ ಹೊಲಿದುಕೊಂಡು, ಯಂತ್ರಕ್ಕೆ ಸಿಕ್ಕಿಬಿದ್ದು, ನಾನು ಕಿತ್ತೂರಿನಿಂದ ಬರುವತನಕ ಹಾಗೆಯೇ ಕುಳಿತಿದ್ದರು. ಚಿಗವ್ವ ಎದುರಿಗೇ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಸೂಜಿ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದಳಲ್ಲ!

ಮೊದಲ ಮಾದರಿಯನ್ನು ಕಪಾಟಿನಲ್ಲಿದ್ದ ಗುಳೇದಗುಡ್ಡದ ಹೊಸ ಕುಪ್ಪಸದ ಖಣದಲ್ಲಿ ಹೊಲಿದರು. ಹೆಂಡತಿಯ ಮುಖಕ್ಕೆ ಚೆಂದದ್ದೇ ಇರಲಿ ಎಂಬ ಆಸೆ. ಚೆಂದವಾಗಿಯೇ ಇತ್ತು. ಮುಂಜಾನೆ ಎದ್ದಾಗ ಖಣದ ಬುಟ್ಟಾ, ಖಣದ ಹೂವು ಎಲ್ಲ ಚಿಗವ್ವನ ಕೆನ್ನೆಯ ಮೇಲೆ ಅಚ್ಚೊತ್ತಿದ್ದವು! "ಅಕ್ಕಾರ, ಹಚ್ಚಿ ಹಾಕಿಸ್ಕೊಂಡ್ರೇನ್ರಿ?" ಎಂದು ಅದೇ ಓಣಿಯ ಹೆಂಗಸು ಕೇಳಿದಳು. ಎರಡನೆಯದರಲ್ಲಿ ಮಡಿಕೆ ಬಿದ್ದು ಗಾಳಿ ಸೋರಿ ಕೊಳಲಿನಂಥ ಸದ್ದು ಹೊರಟಿತು. ಬೀದಿಯ ನಾಯಿ ಕಿಟಕಿಗೆ ಬಂದು ಅದರೊಂದಿಗೆ ದನಿ ಸೇರಿಸಿತು. ಮೂರನೆಯದನ್ನು ಟವೆಲ್ಲಿನಲ್ಲಿ ಹೊಲಿದರು. ಅದನ್ನು ಹಾಕಿದರೆ ಮಾಸ್ಕು ಮುಖದಿಂದ ಒಂದು ಬೆರಳು ಮೇಲೆ ತೇಲುತ್ತಿತ್ತು. ಪ್ರತಿ ಮುಂಜಾನೆ ಯಂತ್ರದ ಪರದೆಯ ಮೇಲೆ ಅಳುವ ಮುಖ. ಕಾಕಾ ಅದನ್ನೂ ಚಿಗವ್ವನನ್ನೂ ಒಂದು ಸಲ ನೋಡಿ, ಗ್ರಾಫ್ ಹಾಳೆ ತೆಗೆದುಕೊಂಡು ಮತ್ತೆ ಕೂರುತ್ತಿದ್ದರು.

"ತಪ್ಪ ಬಟ್ಟೀದ ಐತಿ," ಎಂದು ಒಂದು ರವಿವಾರ ನನ್ನನ್ನು ರಾಮದುರ್ಗಕ್ಕೆ ಎಳೆದುಕೊಂಡು ಹೋದರು. ಅಲ್ಲಿಯ ಮಗ್ಗದ ಬಟ್ಟೆ ಮೆತ್ತಗಿರುತ್ತದೆ ಎಂದು ಯಾರೋ ಹೇಳಿದ್ದರು. ಅಂಗಡಿಯವರು ಪ್ರೀತಿಯಿಂದ ಒಂದೊಂದೇ ಬಟ್ಟೆ ಬಿಚ್ಚಿ ಹಾಸಿದರು. ಕಾಕಾ ಪ್ರತಿಯೊಂದನ್ನೂ ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಹತ್ತು ಸಲ ಜೋರಾಗಿ ಉಸಿರಾಡಿದರು. ಕೆನ್ನೆಗೆ ತಿಕ್ಕಿಕೊಂಡರು. ಆಮೇಲೆ ನನ್ನ ಮೂಗಿಗೂ ಕಟ್ಟಿ ಗೋಡೆಗೊರಗಿಸಿ, "ಬೆವರತೈತೇನ? ಖರೆ ಹೇಳು," ಅಂದರು. ಬಾಗಿಲಲ್ಲಿ ಜನ ಸೇರಿದರು. ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ! ಅವನು ಸರ್ ಎಂದು ಕೈ ಮುಗಿದ, ನಾನು ಬಟ್ಟೆ ಕಟ್ಟಿದ ಮೂಗಿನಿಂದಲೇ ಆಶೀರ್ವಾದ ಮಾಡಿದೆ.

ಅಂಗಡಿಯವರು ಕೊನೆಗೂ ಬಾಯಿಬಿಟ್ಟರು: "ಯಜಮಾನ್ರ, ಬಟ್ಟಿ ಉಡಾಕ ಬೇಕೋ, ಮೂಸಾಕ ಬೇಕೋ?"

ಅಲ್ಲಿಂದ ತಂದ ಬಟ್ಟೆಯಲ್ಲಿ ಹೊಲಿದ ಆರು ಮಾದರಿಗಳೂ ಸೋತವು. ಗಂಜಿ ಬಿಡದ ಹೊಸ ಬಟ್ಟೆಗೆ ಗೆರೆ ಮೂಡಿಸುವುದೇ ಸ್ವಭಾವ. ಆಗ ಯಾರೋ ದೊಡವಾಡದಲ್ಲಿ ಕೌದಿ ಹೊಲಿಯುವ, ಊರವರೆಲ್ಲ ಆಯಿ ಎಂದು ಕರೆಯುವ ಒಬ್ಬ ಮುದುಕಿಯ ಸುದ್ದಿ ಹೇಳಿದರು. ಹಳೆಯ ಸೀರೆ, ಹಳೆಯ ಧೋತರಗಳನ್ನು ಪದರ ಪದರವಾಗಿ ಸೇರಿಸಿ ಕೈಹೊಲಿಗೆ ಹಾಕಿದ ನಮ್ಮ ಕಡೆಯ ಹೊದಿಕೆಯೇ ಕೌದಿ. ನಾವು ಹೋದಾಗ ಆಯಿ ಕೌದಿಯೊಂದನ್ನು ಅಂಗಳದ ತುಂಬ ಹರಡಿಕೊಂಡು ಅದರ ನಡುವೆ ಕುಳಿತಿದ್ದಳು. ಕಾಕಾ ತಮ್ಮ ಸೋತ ಮಾದರಿಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟರು. ಆಯಿ ಒಂದನ್ನೆತ್ತಿ ಬೆರಳಿನಿಂದ ತಿಕ್ಕಿ ನೋಡಿ ನಕ್ಕಳು.

"ಹೊಸಾ ಬಟ್ಟಿ ಕಡೀತೈತ್ಯೋ ಯಪ್ಪಾ. ನೂರ ನೀರ ಕಂಡ ಹಳೀ ಬಟ್ಟಿ ಅಪ್ಪಕೋತೈತಿ."

ಆ ಮಧ್ಯಾಹ್ನ ಕಾಕಾ ಆಯಿಯ ಮುಂದೆ ಕುಳಿತು ಕೈಹೊಲಿಗೆ ಕಲಿತರು. ಸಣ್ಣ ಟಾಕೆ, ಸಡಿಲ ದಾರ, ಅವಸರ ಮಾಡಬಾರದು. ಏಳುವಾಗ ಆಯಿ ಕೌದಿಯ ಒಂದು ಮೂಲೆಯನ್ನು ಬಿಚ್ಚಿ ತೋರಿಸಿದಳು. ಕೌದಿ ಮುಗಿಸುವ ಮುಂಚೆ ಕೊನೆಯ ಮೂಲೆಯಲ್ಲಿ ಒಂದು ತುಣುಕು ಹೋಳಿಗೆ ಇಟ್ಟು ಹೊಲಿಯುವುದು ಅವರ ಮನೆಯ ರೂಢಿ.

"ಅದರ ಹೊಟ್ಟಿ ತುಂಬಸಬೇಕು. ಹಸದ ಕೌದಿ ಹೊದ್ದವರ ನಿದ್ದಿ ತಿಂತೈತಿ," ಅಂದಳು ಆಯಿ.

ಯಾವ ಬುದ್ಧಿವಂತನಾದರೂ ಇದನ್ನು ಕೇಳಿ ನಕ್ಕು, ಕೌದಿಯ ಮಾತು ಕೌದಿಗೆ ಎಂದು ಅಲ್ಲೇ ಬಿಟ್ಟು ಬರುತ್ತಿದ್ದ. ಆದರೆ ಕಾಕಾ ಸರ್ವೇ ಇಲಾಖೆಯಲ್ಲಿ ಬೆಳೆದವರು. ಹಿರಿಯರು ಹೇಳಿದ ನಿಯಮದಲ್ಲಿ ಅರ್ಧ ಒಪ್ಪಿ ಅರ್ಧ ಬಿಡುವುದು ಅವರಿಗೆ ಗೊತ್ತೇ ಇಲ್ಲ! ಹತ್ತನೆಯ ಮಾದರಿಯನ್ನು ತಮ್ಮ ಹಳೆಯ ಧೋತರದಲ್ಲಿ, ಅಚ್ಚುಕಟ್ಟಾದ ಸಣ್ಣ ಟಾಕೆಗಳಲ್ಲಿ ಹೊಲಿದು, ಕೊನೆಯ ಮೂಲೆಯಲ್ಲಿ ಕಡಲೆಕಾಳಿನಷ್ಟು ಹೋಳಿಗೆಯ ಹೂರಣ ಇಟ್ಟು ಬಾಯಿ ಮುಚ್ಚಿದರು. ನಿಜ ಹೇಳಬೇಕೆಂದರೆ ಆ ಹೋಳಿಗೆಯನ್ನು ನಮ್ಮ ಮನೆಯಿಂದ ತಂದುಕೊಟ್ಟವನು ನಾನೇ.

ಮಧ್ಯಾಹ್ನದ ನಿದ್ದೆಗೆ ಪರೀಕ್ಷೆ ಇಟ್ಟುಕೊಂಡಿದ್ದೆವು. ಚಿಗವ್ವ ಮಾಸ್ಕು ಹಾಕಿಕೊಂಡು ಮಲಗಿದಳು. ಸದ್ದಿಲ್ಲ, ಸೋರಿಕೆಯಿಲ್ಲ. ಕಾಕಾ ನನ್ನತ್ತ ನೋಡಿ ಮೀಸೆ ತಿರುವಿದರು. ಅರ್ಧ ಗಂಟೆಯೂ ಆಗಿರಲಿಲ್ಲ, ಕೆಂಪಿರುವೆಗಳ ಸಾಲೊಂದು ಗೋಡೆಯಿಂದ ಇಳಿದು, ಹಾಸಿಗೆ ಹತ್ತಿ, ಕೊಳವೆಯ ಮೇಲೆ ಶಿಸ್ತಾಗಿ ನಡೆದು ಮಾಸ್ಕು ಸೇರಿತು. ನಾವು ನೋಡುವಷ್ಟರಲ್ಲಿ ತಡವಾಗಿತ್ತು. ಚಿಗವ್ವ ಹಾಸಿಗೆಯಿಂದ ಹಾರಿದ ರೀತಿಗೆ ಸೊಂಡಿಲು, ಯಂತ್ರ, ನೀರಿನ ತಂಬಿಗೆ ಎಲ್ಲ ಅವಳ ಹಿಂದೆ ಹಾರಿದವು!

"ಮೂಗಿನ್ಯಾಗ ಇರುವೀ! ಮೂಗಿನ್ಯಾಗ ಇರುವೀ ಬಿಟ್ರಲ್ರೀ! ಕೊಲ್ಲೂದಿದ್ರ ನೆಟ್ಟಗ ಕೊಲ್ರಿ, ಹಿಂಗ ಇರುವೀಗೆ ಹಾಕಬ್ಯಾಡ್ರಿ!"

"ಹೊಟ್ಟಿ ತುಂಬಸಬೇಕಂತ ಆಯಿ..." ಎಂದು ಕಾಕಾ ಶುರುಮಾಡಿದರು.

"ನನ್ನ ಹೊಟ್ಟಿ ತುಂಬೇತಿ! ನಿಮ್ಮ ಉಪಕಾರದಿಂದ ಕಂಠಮಟಾ ತುಂಬೇತಿ!"

ಅಂದಿನಿಂದ ಚಿಗವ್ವ ಪರೀಕ್ಷೆಗೂ ಒಲ್ಲೆ ಎಂದಳು. ಯಂತ್ರವನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದಳು. ನಾನೂ ಕಾಕಾನಿಗೆ ಸಾಕು ಬಿಡಿ ಎಂದೆ. ಅವರು ನಕಾಶೆಯನ್ನು ಮಡಚಿ ಕಿಸೆಗಿಟ್ಟುಕೊಂಡರು.

ಎಂಟು ಹತ್ತು ದಿನವಾಗಿರಬೇಕು. ಸಂಜೆ ಬಸ್ಸಿಳಿದು ಬರುವಾಗ ಕಾಕಾನ ಮನೆಯ ಮುಂದೆ ಜನ ನಿಂತಿದ್ದರು, ಸುಟ್ಟ ಬಟ್ಟೆಯ ವಾಸನೆ ಬರುತ್ತಿತ್ತು. ಚಿಗವ್ವ ಹಾಲು ಕಾಯಿಸಲು ಒಲೆಯ ಮುಂದೆ ಕೂತವಳು ಕೂತಂತೆಯೇ ನಿದ್ದೆ ಹೋಗಿದ್ದಳು. ಸೆರಗು ಬೆಂಕಿಗೆ ತಾಗಿತ್ತು. ಕಾಕಾ ಹಿತ್ತಲಿನಿಂದ ಓಡಿಬಂದು ಕೈಯಿಂದಲೇ ಬಡಿದು ಆರಿಸಿದ್ದರೆಂದು ಪಕ್ಕದವರು ಹೇಳಿದರು. ಚಿಗವ್ವನಿಗೆ ಏನೂ ಆಗಿರಲಿಲ್ಲ. ಕಾಕಾನ ಬಲಗೈಯ ಎರಡು ಬೆರಳು ಬೆಂದಿದ್ದವು. ನನಗೆ ಆಗ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಚಿಗವ್ವ ಮೂಲೆಯಲ್ಲಿ ಮಂಕಾಗಿ ಕುಳಿತಿದ್ದಳು. ಕಾಕಾ ಬೈಯಲಿಲ್ಲ. ಸುಟ್ಟ ಸೀರೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಅವಳು ಮನೆಯಲ್ಲಿ ಉಡುವ ಹಳೆಯ ನೂಲಿನ ಸೀರೆ, ಎಷ್ಟೋ ವರ್ಷ ಒಗೆದೊಗೆದು ಬಣ್ಣ ಹೋಗಿ ಮೆತ್ತಗಾದದ್ದು. ಸುಡದೆ ಉಳಿದ ಭಾಗವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಕತ್ತರಿ ತರಲು ನನಗೆ ಹೇಳಿದರು. ಬೆಂದ ಬೆರಳಿಗೆ ಬಟ್ಟೆ ಸುತ್ತಿಕೊಂಡು, ನಕಾಶೆ ಇಟ್ಟು ಕತ್ತರಿಸಿ, ಎಡಗೈಯಲ್ಲಿ ಸೂಜಿ ಹಿಡಿದು ಹನ್ನೊಂದನೆಯದನ್ನು ಹೊಲಿಯಲು ಕುಳಿತರು. ಎಡಗೈಯ ಟಾಕೆ ಹೇಗಿರುತ್ತದೆ ಹೇಳಿ? ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಆದರೂ ಹೊಲಿದರು.

ಚಿಗವ್ವ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು ಅವರ ಎದುರಿಗೆ ಕುಳಿತಳು.

"ತರ್ರಿ ಇಲ್ಲೆ."

"ನೀ ಸೂಜಿ ಮುಟ್ಟೂದಿಲ್ಲ ಅಂದಿದ್ದೀ," ಅಂದರು ಕಾಕಾ. ಆ ಹೊತ್ತಿನಲ್ಲೂ ಕರಾರು ಕರಾರೇ!

"ಅಂದಿದ್ದೆ. ಈಗ ತರ್ರಿ."

ಕೈಗೆ ತೆಗೆದುಕೊಂಡವಳು ಒಂದೇ ಗಳಿಗೆಯಲ್ಲಿ ತಪ್ಪು ಹಿಡಿದಳು. ನಕಾಶೆಯ ಅಂದದ ಮುಖ ಹೊರಗೆ ಕಾಣಬೇಕೆನ್ನುವ ಅಭ್ಯಾಸದಿಂದ ಕಾಕಾ ಹನ್ನೊಂದೂ ಮಾದರಿಗಳಲ್ಲಿ ಮಟ್ಟಸ ಬದಿಯನ್ನು ಹೊರಗಿಟ್ಟು, ಹೊಲಿಗೆಯ ಗಂಟುಗಳನ್ನೆಲ್ಲ ಚರ್ಮಕ್ಕೆ ತಾಗುವಂತೆ ಒಳಗಿಟ್ಟಿದ್ದರು. "ನೋಡಾವ್ರಿಗೆ ಚೆಂದ ಕಂಡ ಏನ ಮಾಡೂದೈತ್ರಿ? ಮೆತ್ತಗಿಂದ ನನ್ನ ಕಡೆ ಇರಬೇಕು," ಎನ್ನುತ್ತ ಚಿಗವ್ವ ಬಟ್ಟೆಯನ್ನು ತಿರುವಿ ಹಾಕಿದಳು. ಮೂಗುಬೊಟ್ಟಿನ ಜಾಗದಲ್ಲಿ ಕುಪ್ಪಸದ ಗುಂಡಿಗೆ ಮಾಡುವಂತೆ ಸಣ್ಣದೊಂದು ಕಾಜಾ ಮಾಡಿದಳು. ಹೊಲಿಯುತ್ತ ಹೊಲಿಯುತ್ತ ಎರಡು ಸಲ ತೂಕಡಿಸಿದಳು. ಎರಡು ಸಲವೂ ಕಾಕಾ ಸೂಜಿಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದಿಟ್ಟುಕೊಂಡು, ಅವಳು ಎಚ್ಚರಾಗುವತನಕ ಕಾದು ಮರಳಿ ಕೊಟ್ಟರು.

ಮರುದಿನ ಮುಂಜಾನೆ ಯಂತ್ರದ ಮುಖ ನಗುತ್ತಿತ್ತು. ಚಿಗವ್ವನ ಮುಖದ ಮೇಲೆ ಗೆರೆ ಇರಲಿಲ್ಲ! ಕಾಕಾ ಆ ಬಟ್ಟೆಯ ಬಳೆಯನ್ನೂ ನಕಾಶೆಯನ್ನೂ ಬೆಳಗಾವಿಯ ಡಾಕ್ಟರರಿಗೆ ಒಯ್ದು ತೋರಿಸಿದರು. ಗಾಳಿ ಸೋರದಿದ್ದರೆ ಅಡ್ಡಿಯಿಲ್ಲ, ದಿನಾ ಒಗೆದು ಬಿಸಿಲಿಗೆ ಹಾಕಿರಿ, ಹೋಳಿಗೆ ಮಾತ್ರ ಬೇಡ ಎಂದರಂತೆ. ಗಂಡಹೆಂಡತಿ ಕೂತು ಅದೇ ಸೀರೆಯಲ್ಲಿ ವಾರದ ದಿನಕ್ಕೊಂದರಂತೆ ಏಳು ಹೊಲಿದರು. ಈಗ ಹಿತ್ತಲಿನ ಹಗ್ಗದ ಮೇಲೆ ಸಣ್ಣ ಸಣ್ಣ ಬಟ್ಟೆಯ ಬಳೆಗಳು ಒಣಗುತ್ತಿರುತ್ತವೆ. ಕಂಡವರು, ಯಾವ ದೇವರಿಗೆ ತೋರಣ ಎಂದು ಕೇಳುತ್ತಾರೆ. ಸವದತ್ತಿಯಿಂದ ಒಬ್ಬರು ಇದೇ ಕಾಯಿಲೆಯವರು ವಿಳಾಸ ಹುಡುಕಿಕೊಂಡು ಬಂದು, ಕಾಕಾನ ಮುಂದೆ ಮೂಗೊಡ್ಡಿ ಕುಳಿತಿದ್ದರು. ಕಾಕಾ ಕೈವಾರ ಎತ್ತಿ ಮೊದಲು ಕೇಳಿದ್ದು: "ತಂಟೆ ಎಷ್ಟ ವರ್ಷದ್ದೈತ್ರಿ?"

ತಿಂಗಳು ಕಳೆಯಿತು. ಚಿಗವ್ವನ ಬಾಯಿ ಮೊದಲಿನಂತೆ ಮೊನಚಾಯಿತು. ಕಾಯಿಪಲ್ಯೆಯವಳು ಓಣಿ ಬದಲಿಸಿದಳು. ಮೊನ್ನೆ ರವಿವಾರ ಒಂಬತ್ತು ಗಂಟೆಗೆ ಹೋದರೆ ಕಾಕಾನ ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ನಸುಕಿಗೇ ಎದ್ದು ಕಟ್ಟೆಯ ಮೇಲೆ ಕೂರುವ ಮನುಷ್ಯ! ಹಿತ್ತಲ ಬಾಗಿಲಿಗೆ ಓಡಿದೆ. ಚಿಗವ್ವ ಹೊಸ್ತಿಲ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ. ನಿಮ್ಮ ಕಾಕಾ ಮಕ್ಕೊಂಡಾರ."

"ಇಷ್ಟೊತ್ತನಾ? ಆರಾಮ ಇಲ್ಲೇನ?"

ಚಿಗವ್ವ ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದಳು. ಆಮೇಲೆ, ಓಣಿಯನ್ನೇ ನಡುಗಿಸುವ ಆ ದನಿ ನನಗೆ ಮಾತ್ರ ಕೇಳುವಷ್ಟಾಯಿತು.

"ಈ ಮಾಸ್ಕ ಬಂದ ಮ್ಯಾಲ ನನಗ ನಿದ್ದಿ ಸಾಕಾಗಿ ಎಚ್ಚರ ಆಗಾಕತ್ತೇತಪಾ. ಹೋದ ವಾರ ನೋಡಿದೆ. ಇವರು ಗಳಿಗಿಗೊಮ್ಮೆ ಎದ್ದ ಕುಂಡ್ರತಾರ. ನನ್ನ ಮೂಗಿನ ಹತ್ರ ಕೈ ಹಿಡದ, ಗಾಳಿ ಬರತೈತೋ ಇಲ್ಲೋ ನೋಡ್ತಾರ. ಮತ್ತ ಮಕ್ಕೋತಾರ. ಮತ್ತ ಏಳತಾರ. ಯಾಕ್ರೀ ಅಂತ ಕೇಳಿದ್ರ, ರೂಢಿ ಬಿದ್ದೈತಿ ಅಂದ್ರು. ಎಷ್ಟ ವರ್ಷದ ರೂಢಿ ಅಂದೆ. ಹೇಳವಲ್ಲರು. ಜಬರದಸ್ತಿ ಮಾಡಿದೆ. ಮದುವ್ಯಾಗಿ ನಾಕ ವರ್ಷಕ್ಕ ನನ್ನ ಗೊರಕಿ ಶುರು ಆತಂತ. ಗೊರಕಿ ನಿಂತಾಗೊಮ್ಮೆ ಇವರು ಎದ್ದ ಕುಂತ ಭುಜಾ ಅಲಗಾಡಸತಿದ್ರಂತ. ಆಗಿಂದ ಒಂದ ರಾತ್ರಿ ನೆಟ್ಟಗ ಮಕ್ಕೊಂಡಿಲ್ಲ. ಹಗಲೆಲ್ಲ ಬಿಸಲಾಗ ಹೊಲಾ ಅಳದ ಬರತಿದ್ರು. ನನಗೊಂದ ಮಾತ ಹೇಳಲಿಲ್ಲ."

ಈ ಮನುಷ್ಯನನ್ನು ನಾನು ಇಷ್ಟು ವರ್ಷ ತಮಾಷೆಯಾಗಿಯೇ ನೋಡಿದ್ದೆ.

"ನಿನ್ನೆ ರಾತ್ರಿ ಅವರ ಕೈ ಎಳಕೊಂಡ ನನ್ನ ಎದಿ ಮ್ಯಾಲ ಇಟ್ಕೊಂಡೆ. ಇನ್ನ ಏಳೂದ ಬ್ಯಾಡ್ರಿ, ಕೈಗೇ ಗೊತ್ತಾಕ್ಕೈತಿ ಅಂದೆ. ಅವಾಗ ಮಕ್ಕೊಂಡಾವ್ರು ಇನ್ನೂ ಎದ್ದಿಲ್ಲ."

ಅಷ್ಟರಲ್ಲಿ ಒಳಗಿನಿಂದ ಒಂದು ಗೊರಕೆ ಬಂತು. ಉದ್ದನೆಯ, ಗಟ್ಟಿಯಾದ, ಸುಖದ ಗೊರಕೆ. ಕಾಕಾ ಗೊರಕೆ ಹೊಡೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ! ನಗು ತಡೆಯಲಾಗದೆ, "ಚಿಗವ್ವಾ, ಕಾಕಾಗೂ ಒಂದ ಸೊಂಡಿಲ ತರಸೂಣೇನ?" ಅಂದೆ.

ಅವಳು ನಗಲಿಲ್ಲ. ಬತ್ತಿ ಹೊಸೆಯುವ ಕೈ ನಿಂತಿತು. ತಲೆಯನ್ನು ಕೋಣೆಯ ಕಡೆಗೆ ವಾಲಿಸಿ, ಉಸಿರು ಬಿಗಿಹಿಡಿದು ಕೇಳಿದಳು. ಇನ್ನೊಂದು ಗೊರಕೆ ಬಂತು. ಅದರ ಹಿಂದೆ ಇನ್ನೊಂದು.

"ನಡುವ ನಿಂದ್ರವಲ್ದು," ಅಂದಳು. "ಬರೇ ಗೊರಕಿ ಐತಿ."

ನಾನು ಚಹಾ ಕೇಳಿದೆ. ಒಲೆ ಹಚ್ಚಬೇಕಾದರೆ ಅಡುಗೆಮನೆಗೆ ಹೋಗಬೇಕು, ಅಲ್ಲಿಗೆ ಕೋಣೆಯ ಸದ್ದು ಕೇಳುವುದಿಲ್ಲ.

"ತಡಿಯಪಾ," ಎಂದಳು ಚಿಗವ್ವ, ಏಳದೆ. "ಇನ್ನೊಂದೀಟ ಕೇಳ್ತೇನಿ."